ಈಸ್ಟರ್ ಸೊನಾಟಾ ಕೆಜಿಎಫ್‌ನಲ್ಲೂ ಕೇಳಲಿ

ಮುಂದಿನ ಈಸ್ಟರ್ ಹಬ್ಬಕ್ಕೆ ಕೆಜಿಎಫ್‌ನ ಯಾವುದಾದರೂ ಚರ್ಚಿನಲ್ಲೋ ಶಾಲೆಯ ಹಾಲಿನಲ್ಲೋ ಫ್ಯಾನಿ ಮೆಂಡೆಲ್ಸನ್ ರಚಿಸಿದ ‘ಈಸ್ಟರ್ ಸೊನಾಟಾ’ವನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಬೇಕು. ನುಡಿಸಲು ಅರ್ಧ ಗಂಟೆಯೂ ಬೇಡ. ಪಿಯಾನೊ ಪಾಠ ಹೇಳಿಯೇ ಬದುಕು ಸಾಗಿಸಿದ ನಾನು ಇದನ್ನು ಈ ಊರಿನ ಮುಂದೆ ಬೇಡಿಕೆಯಾಗಿಯೇ ಇಡುತ್ತಿದ್ದೇನೆ.

ಗಣಿಯೂರಿಗೂ ಪಿಯಾನೊಗೂ ಏನು ನಂಟು ಎಂದು ಹೊರಗಿನವರು ಕೇಳಬಹುದು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ದೊರೆಗಳ ಬಂಗಲೆ, ಕ್ಲಬ್ಬುಗಳ ಜೊತೆಗೆ ಪಿಯಾನೊಗಳೂ ಬಂದವು. ದೊರೆಗಳು ಹಡಗು ಹತ್ತಿ ಹೋದರು, ಪಿಯಾನೊಗಳಲ್ಲಿ ಕೆಲವು ಇಲ್ಲೇ ಉಳಿದವು. ನನ್ನ ಅಪ್ಪ ಚಾಂಪಿಯನ್ ರೀಫ್ ಗಣಿಯ ಆಫೀಸಿನಲ್ಲಿ ಗುಮಾಸ್ತರು. ಮನೆಯೊಳಗೆ ಕನ್ನಡ, ಗಣಿ ಕಾರ್ಮಿಕರ ಲೈನುಗಳ ಕಡೆ ಕಾಲಿಟ್ಟರೆ ತಮಿಳು, ತೆಲುಗು, ಪಾಠಕ್ಕೆ ಹೋದರೆ ಇಂಗ್ಲಿಷ್. ನನಗೆ ಕಲಿಸಿದವರು ಒಬ್ಬ ಆಂಗ್ಲೋ-ಇಂಡಿಯನ್ ಹಿರಿಯರು. ನಾವೆಲ್ಲ ಅವರನ್ನು ‘ಮಿಸ್’ ಎಂದೇ ಕರೆಯುತ್ತಿದ್ದೆವು. ಅವರ ಕಪಾಟಿನಲ್ಲಿ ಬೀಥೋವನ್, ಶೂಮನ್, ಮೆಂಡೆಲ್ಸನ್ ಎಲ್ಲರೂ ಇದ್ದರು. ಆ ಮೆಂಡೆಲ್ಸನ್ ಫೆಲಿಕ್ಸ್. ಅವನಿಗೆ ಅಕ್ಕ ಇದ್ದಳು, ಅವಳೂ ನಾನೂರಕ್ಕಿಂತ ಹೆಚ್ಚು ಕೃತಿಗಳನ್ನು ರಚಿಸಿದ್ದಳು ಎನ್ನುವುದಕ್ಕೆ ಆ ಕಪಾಟಿನಲ್ಲಿ ಒಂದು ಹಾಳೆಯ ಸಾಕ್ಷಿಯೂ ಇರಲಿಲ್ಲ.

ಫ್ಯಾನಿ ಹುಟ್ಟಿದ್ದು 1805ರಲ್ಲಿ. 13ನೇ ವಯಸ್ಸಿಗೆ ಬಾಖ್‌ನ 24 ಪ್ರೆಲ್ಯೂಡ್‌ಗಳನ್ನು ಪುಸ್ತಕ ನೋಡದೆ ಅಪ್ಪನ ಮುಂದೆ ನುಡಿಸಿದ ಹುಡುಗಿ ಅವಳು. ಅದೇ ಅಪ್ಪ, ಸಂಗೀತ ಫೆಲಿಕ್ಸ್‌ಗೆ ವೃತ್ತಿಯಾದೀತು, ನಿನಗೆ ಮಾತ್ರ ಒಡವೆಯಾಗಿರಲಿ ಎಂದು ಪತ್ರ ಬರೆದ. ಅವಳ ಕೆಲವು ಹಾಡುಗಳು ತಮ್ಮನ ಹೆಸರಿನಲ್ಲೇ ಅಚ್ಚಾದವು. 1842ರಲ್ಲಿ ವಿಕ್ಟೋರಿಯಾ ರಾಣಿ ತನಗೆ ಇಷ್ಟವಾದ ಹಾಡೊಂದನ್ನು ಫೆಲಿಕ್ಸ್ ಎದುರು ಹಾಡಿದಾಗ, ಅದು ಅಕ್ಕನದು ಎಂದು ಅವನು ಒಪ್ಪಿಕೊಳ್ಳಬೇಕಾಯಿತು. ತನ್ನ ಹೆಸರಿನಲ್ಲಿ ಕೃತಿಗಳನ್ನು ಪ್ರಕಟಿಸುವ ಗಟ್ಟಿ ನಿರ್ಧಾರಕ್ಕೆ ಫ್ಯಾನಿ ಬಂದದ್ದು 1846ರಲ್ಲಿ. ಮರುವರ್ಷವೇ, 41ನೇ ವಯಸ್ಸಿನಲ್ಲಿ, ಸಂಗೀತದ ತಾಲೀಮಿನ ನಡುವೆ ಪಾರ್ಶ್ವವಾಯು ಬಡಿದು ತೀರಿಕೊಂಡಳು.

ಈಸ್ಟರ್ ಸೊನಾಟಾ 1828ರದ್ದು. ಅದನ್ನು ತನ್ನದೆಂದು ದಿನಚರಿಯಲ್ಲಿ ಅವಳೇ ಬರೆದುಕೊಂಡಿದ್ದಾಳೆ. ಆಮೇಲೆ ಅದು ಕಣ್ಮರೆಯಾಯಿತು. 1970ರಲ್ಲಿ ಪ್ಯಾರಿಸ್‌ನಲ್ಲಿ ಹಸ್ತಪ್ರತಿ ಸಿಕ್ಕಾಗ ಅದರ ಮೇಲಿದ್ದ ‘ಎಫ್. ಮೆಂಡೆಲ್ಸನ್’ ಎಂಬ ಹೆಸರನ್ನು ಫೆಲಿಕ್ಸ್ ಎಂದು ಓದಿದರು, ಅವನ ಹೆಸರಿನಲ್ಲೇ ಧ್ವನಿಮುದ್ರಿಕೆಯನ್ನೂ ತಂದರು. 2010ರಲ್ಲಿ ಅಮೆರಿಕದ ಸಂಶೋಧಕಿ ಏಂಜೆಲಾ ಮೇಸ್ ಆ ಹಸ್ತಪ್ರತಿಯನ್ನು ಕಣ್ಣಾರೆ ಪರೀಕ್ಷಿಸಿದರು. ಬರಹ ಫ್ಯಾನಿಯದು. ಅವಳ ಸಂಗೀತದ ಪುಸ್ತಕದಿಂದ ಕತ್ತರಿಸಿ ತೆಗೆದಿದ್ದ ಪುಟಗಳಿಗೂ ಈ ಹಸ್ತಪ್ರತಿಯ ಪುಟಸಂಖ್ಯೆಗೂ ತಾಳೆಯಾಯಿತು. 2012ರಲ್ಲಿ ಆಂಡ್ರಿಯಾ ಲ್ಯಾಮ್ ಅದನ್ನು ಅಮೆರಿಕದಲ್ಲಿ ನುಡಿಸಿದರು. 2017ರ ಮಾರ್ಚ್ 8ರ ಮಹಿಳಾ ದಿನದಂದು ಲಂಡನ್‌ನಲ್ಲಿ ಸೋಫಿಯಾ ಗುಲ್ಯಾಕ್ ನುಡಿಸಿದ್ದನ್ನು ಬಿಬಿಸಿ ಪ್ರಸಾರ ಮಾಡಿತು. ಅಂದರೆ ಸುಮಾರು 190 ವರ್ಷಗಳ ನಂತರ.

ಅನ್ಯಾಯವಾಯಿತು ಎಂಬ ಕನಿಕರಕ್ಕಾಗಿ ಇದನ್ನು ಕೇಳಿ ಎಂದು ನಾನು ಹೇಳುತ್ತಿಲ್ಲ. ಸಂಗೀತ ದೊಡ್ಡದು. ಮೊದಲ ಭಾಗ ತಿಳಿಯಾಗಿ, ಹಾಡಿನಂತೆ ಸಾಗುತ್ತದೆ. ಎರಡನೆಯದರಲ್ಲಿ ಫ್ಯೂಗ್ ಇದೆ. ಒಂದೇ ಎಳೆಯನ್ನು ಒಂದರ ಬೆನ್ನಿಗೊಂದು ದನಿ ಎತ್ತಿಕೊಳ್ಳುತ್ತ ಹೋಗುವ ಕಟ್ಟು ಅದು, ಬಾಖ್‌ನನ್ನು ಅರಗಿಸಿಕೊಂಡವಳ ಕೈಯಿಂದ ಮಾತ್ರ ಬರುವಂಥದ್ದು. ಮೂರನೆಯದು ಹಗುರ. ನಾಲ್ಕನೆಯದನ್ನು ಕೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಬ್ಬರದಿಂದ ನುಡಿಸಿ ಎಂದೇ ಅವಳ ಸೂಚನೆ. ಎಡಗೈ ತಳದ ಸ್ವರಗಳಲ್ಲಿ ಗುಡುಗುಡಿಸುತ್ತದೆ. ಯೇಸು ಪ್ರಾಣಬಿಟ್ಟಾಗ ಭೂಮಿ ನಡುಗಿ ಬಂಡೆಗಳು ಸೀಳಿದವು ಎಂದು ಸುವಾರ್ತೆ ಹೇಳುವ ಗಳಿಗೆಯನ್ನು ಕೇಳುಗರು ಇಲ್ಲಿ ಗುರುತಿಸುತ್ತಾರೆ.

ಬಂಡೆ ಸೀಳುವುದೆಂದರೆ ಏನೆಂದು ಕೆಜಿಎಫ್‌ನವರಿಗೆ ಯಾರೂ ವಿವರಿಸಬೇಕಿಲ್ಲ. ಮೂರು ಕಿಲೋಮೀಟರಿಗೂ ಆಳ ಇಳಿದ ಗಣಿ ನಮ್ಮದು. ಅಷ್ಟು ಕೆಳಗೆ ಒತ್ತಡ ತಾಳದೆ ಬಂಡೆ ಸಿಡಿದರೆ, ಅದಕ್ಕೆ ರಾಕ್‌ಬರ್ಸ್ಟ್ ಎನ್ನುತ್ತಿದ್ದರು, ಮೇಲೆ ಮನೆಗಳ ಪಾತ್ರೆ ಅಲುಗುತ್ತಿದ್ದವು. ಅಮ್ಮ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬರುತ್ತಿದ್ದರು. ಅಕ್ಕಪಕ್ಕದ ಹೆಂಗಸರೂ ಬರುತ್ತಿದ್ದರು. ಯಾವ ಶಾಫ್ಟ್, ಯಾವ ಶಿಫ್ಟ್, ಯಾರ ಮನೆಯವರು ಕೆಳಗಿದ್ದಾರೆ ಎಂಬ ಲೆಕ್ಕ ಮಾತಿಲ್ಲದೆ ಮುಖಗಳಲ್ಲೇ ನಡೆಯುತ್ತಿತ್ತು. ಫ್ಯಾನಿಯ ಸೊನಾಟಾ ಆ ನಡುಕವನ್ನು ದಾಟಿ ಹಳೆಯ ಲೂಥರನ್ ಪ್ರಾರ್ಥನಾ ಗೀತೆಯೊಂದಕ್ಕೆ ಬಂದು ತಲುಪುತ್ತದೆ. ದಯೆ ತೋರು ಎಂದು ಬೇಡುವ ಗೀತೆ ಅದು. ಆ ಹೆಂಗಸರ ನಡುವೆ ಬೆಳೆದ ನನಗೆ ಈ ತಿರುವು ಎಲ್ಲಿಂದ ಹುಟ್ಟುತ್ತದೆ ಎಂಬುದು ಗೊತ್ತು.

ಮರೆತ ಸಂಗೀತವನ್ನು ಎತ್ತಿ ಹಿಡಿಯುವುದು ಮೈಸೂರು ನಾಡಿಗೆ ಹೊಸದಲ್ಲ. ಶ್ರೀವಿದ್ಯೆಯ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಪಿಯಾನೊವನ್ನೂ ಆಳವಾಗಿ ಕಲಿತವರು. ಲಂಡನ್‌ನಲ್ಲಿ ಬಡತನ, ಕಾಯಿಲೆಗಳಲ್ಲಿ ದಿನ ದೂಡುತ್ತಿದ್ದ ರಷ್ಯದ ನಿಕೊಲಾಯ್ ಮೆಟ್ನರ್‌ನ ಸಂಗೀತವನ್ನು ಅವನ ಕೈಯಿಂದಲೇ ಧ್ವನಿಮುದ್ರಿಸಲು 1940ರ ದಶಕದಲ್ಲಿ ಹಣ ಕೊಟ್ಟವರು ಅವರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಪದವಿಯೂ ಖಜಾನೆಯೂ ಇದ್ದ ಒಬ್ಬರು ಕಿವಿಗೊಟ್ಟದ್ದರಿಂದ ಆ ನಾದ ಇಂದಿಗೂ ಉಳಿದಿದೆ. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಬಳಿ ಖಜಾನೆ ಇರಲಿಲ್ಲ. ಆದರೂ ತೆಲುಗು ಕವಯಿತ್ರಿ ಮುದ್ದುಪಳನಿಯ ಮರೆತುಹೋಗಿದ್ದ ಕಾವ್ಯವನ್ನು 1910ರಲ್ಲಿ ಪೂರ್ತಿಯಾಗಿ ಅಚ್ಚು ಹಾಕಿಸಿದರು, ನಿಷೇಧವನ್ನೂ ಎದುರಿಸಿದರು.

ನಮ್ಮ ಗಣಿಗಳು 2001ರ ಫೆಬ್ರುವರಿ 28ಕ್ಕೆ ಮುಚ್ಚಿದವು. ಅಂದಿನಿಂದ ಈ ಊರಿನ ಬಗ್ಗೆ ಬರೆಯುವವರೆಲ್ಲ ಏನು ಹೋಯಿತು ಎಂಬುದನ್ನಷ್ಟೇ ಬರೆಯುತ್ತಾರೆ. ಇಲ್ಲಿ ಇನ್ನೂ ಬೆರಳುಗಳಿವೆ, ಕಿವಿಗಳಿವೆ. ಪಿಯಾನೊ ಕಲಿಸುವ ಗೆಳತಿಯರಲ್ಲಿ ನನ್ನ ಕೋರಿಕೆ ಇಷ್ಟು: ಪರೀಕ್ಷೆಯ ಪಟ್ಟಿಗೆ ಕಾಯಬೇಡಿ. ಮಕ್ಕಳಿಗೆ ಫೆಲಿಕ್ಸ್ ಕಲಿಸುವ ವಾರವೇ ಫ್ಯಾನಿಯನ್ನೂ ಕೇಳಿಸಿ. ಧ್ವನಿಮುದ್ರಣಗಳು ಮೊಬೈಲಿನಲ್ಲೇ ಸಿಗುತ್ತವೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾಳೆ. ಭಾನುವಾರ ನನ್ನ ಮನೆಗೆ ಬಂದು ಆ ಫ್ಯೂಗ್ ಅಭ್ಯಾಸ ಮಾಡುತ್ತಾಳೆ. ನಾಲ್ಕೂ ಭಾಗ ನುಡಿಸಲು ಅವಳು ಸಿದ್ಧಳಾಗುತ್ತಿದ್ದಾಳೆ. ಶ್ರುತಿ ಮಾಡಿಸಿದ ಒಂದು ಪಿಯಾನೊ, ಒಂದು ಸಂಜೆಯ ಮಟ್ಟಿಗೆ ಒಂದು ಹಾಲ್, ಇಷ್ಟನ್ನು ಒದಗಿಸಲು ಊರಿನಲ್ಲಿ ಯಾರು ಮುಂದೆ ಬರುತ್ತೀರಿ?