ಹಡಗು ಹತ್ತಿದ ಕೂಲಿ

ಎರಡು ವರ್ಷದ ಹಿಂದೆ ಒಂದು ರಾತ್ರಿ ಅಕ್ಕನ ಮಗ ಡರ್ಬನ್‌ನಿಂದ ಫೋನ್ ಮಾಡಿದ್ದ. ಅಲ್ಲಿ ಕೆಲಸಕ್ಕೆ ಸೇರಿ ಆಗಿನ್ನೂ ಮೂರು ತಿಂಗಳಾಗಿತ್ತು. ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದನಂತೆ. ನಾಲ್ಕೈದು ತಲೆಮಾರಿನ ಹಿಂದೆ ಮದರಾಸಿನಿಂದ ಹೋಗಿ ನೆಲೆಸಿದ ತಮಿಳು ಮನೆತನ. ಊರಿನ ಕಾಫಿ ತೋಟದ ಮಾತು ಬಂದಾಗ, ಶನಿವಾರ ಬಂತೆಂದರೆ ಮುತ್ತಜ್ಜ ಜಗಲಿಯಲ್ಲಿ ಕೂಲಿ ಬಟವಾಡೆಗೆ ಕೂರುತ್ತಿದ್ದರು ಎಂದು ಹೇಳಿದ್ದಾನೆ. ಇಂಗ್ಲಿಷಿನಲ್ಲೇ ಹೇಳಿದ್ದು, ಕೂಲಿ ಎಂಬ ಮಾತನ್ನು ಮಾತ್ರ ಹಾಗೇ ಬಿಟ್ಟಿದ್ದಾನೆ. ಮೇಜಿನ ಸುತ್ತ ಮಾತು ನಿಂತುಹೋಯಿತು. ಆ ಮನೆಯ ಅಜ್ಜಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದು ಒಳಗೆ ಹೋದರು.

"ಮಾವ, ಕೂಲಿ ಅಂದ್ರೆ ಏನು ತಪ್ಪು? ನಮ್ಮ ಭಾಷೆ ಮಾತೇ ಅಲ್ವಾ?" ಅವನ ದನಿ ನಡುಗುತ್ತಿತ್ತು.

ನಮ್ಮದೇ ಮಾತು. ಕನ್ನಡ, ತಮಿಳು, ತೆಲುಗು, ತುಳು ಎಲ್ಲದರಲ್ಲೂ ಇರುವ ಮಾತು. ಮೈ ಮುರಿದು ದುಡಿದವನಿಗೆ ಸಲ್ಲಬೇಕಾದದ್ದು ಎಂಬುದೇ ಅದರ ಅರ್ಥ. ದಿನಗೂಲಿ, ಕನಿಷ್ಠ ಕೂಲಿ, ಕೂಲಿಗಾಗಿ ಕಾಳು: ಎಲ್ಲ ಕಡೆಯೂ ಅದು ಕೊಡುವವನ ಮೇಲಿನ ಋಣದ ಹೆಸರು. ದುಡಿಯುವ ಮನುಷ್ಯನನ್ನು ಹೇಳಬೇಕಾದರೆ ಕನ್ನಡ ಇನ್ನೊಂದು ತುಂಡು ಸೇರಿಸುತ್ತದೆ. ಕೂಲಿಕಾರ, ಕೂಲಿಯಾಳು, ಕೂಲಿಯವರು. ಹಣ ಬೇರೆ, ಅದನ್ನು ಪಡೆಯುವ ಮನುಷ್ಯ ಬೇರೆ. ಈ ಸಣ್ಣ ತುಂಡಿನ ಬೆಲೆ ಏನೆಂದು ಆ ರಾತ್ರಿಯವರೆಗೆ ನಾನು ಯೋಚಿಸಿರಲಿಲ್ಲ.

ಇಂಗ್ಲಿಷಿನಲ್ಲಿ ಮನುಷ್ಯನನ್ನೇ ಕರೆಯುವ 'ಕೂಲಿ' ಎಂಬ ಪದ ನಮ್ಮ ಕೂಲಿಯಿಂದಲೇ ಹುಟ್ಟಿತು ಎಂದು ಎಲ್ಲ ಪಂಡಿತರೂ ಒಪ್ಪುವುದಿಲ್ಲ. ಗುಜರಾತಿನ ಕೋಲಿ ಜನಾಂಗದ ಹೆಸರು ಪೋರ್ಚುಗೀಸರ ಬಾಯಿಗೆ ಬಿದ್ದು ಹೀಗಾಯಿತು ಎನ್ನುವವರಿದ್ದಾರೆ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ನಿಘಂಟು ಎರಡೂ ಮೂಲಗಳನ್ನು ಚರ್ಚಿಸುತ್ತದೆ. ಚೀನೀಯರು ಇದೇ ಪದವನ್ನು ಬರೆಯಲು 'ಕಹಿ' ಮತ್ತು 'ಬಲ' ಎಂಬ ಅರ್ಥದ ಎರಡು ಅಕ್ಷರಗಳನ್ನು ಆರಿಸಿಕೊಂಡರು. ಆದರೆ ಬೇರನ್ನು ಕಂಡುಹಿಡಿದರೆ ಅಜ್ಜಿ ಯಾಕೆ ಎದ್ದುಹೋದರು ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಆ ಮಾತು ಯಾವ ಹಡಗು ಹತ್ತಿತು ಎಂದು ನೋಡಬೇಕು.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದದ್ದು 1834ರ ಆಗಸ್ಟ್ 1ರಂದು. ಅದೇ ವರ್ಷದ ನವೆಂಬರ್ 2ರಂದು 36 ಭಾರತೀಯರನ್ನು ಹೊತ್ತ ಅಟ್ಲಾಸ್ ಎಂಬ ಹಡಗು ಮಾರಿಷಸ್ ಮುಟ್ಟಿತ್ತು. ನಡುವೆ ಮೂರು ತಿಂಗಳು! ಕಬ್ಬಿನ ತೋಟಕ್ಕೆ ಕೈಗಳು ಬೇಕಿದ್ದವು, ಹಳೆಯ ಹೆಸರಿನಲ್ಲಿ ಸಿಗುತ್ತಿರಲಿಲ್ಲ. 1838ರಲ್ಲಿ ಬ್ರಿಟಿಷ್ ಗಯಾನಾ, 1845ರಲ್ಲಿ ಟ್ರಿನಿಡಾಡ್, 1860ರಲ್ಲಿ ಡರ್ಬನ್ ಇರುವ ನಟಾಲ್, 1879ರಲ್ಲಿ ಫಿಜಿ. ಹೋದವರು ಹತ್ತು ಲಕ್ಷಕ್ಕೂ ಹೆಚ್ಚು ಜನ. ಹೆಬ್ಬೆಟ್ಟು ಒತ್ತಿದ ಕರಾರಿಗೆ ಇಂಗ್ಲಿಷಿನಲ್ಲಿ ಅಗ್ರಿಮೆಂಟ್ ಎಂದು ಹೆಸರು. ಉತ್ತರದವರ ನಾಲಗೆಯಲ್ಲಿ ಅದು ಗಿರ್ಮಿಟ್ ಆಯಿತು, ಅವರು ಗಿರ್ಮಿಟಿಯರಾದರು. ತಾವೇ ಇಟ್ಟುಕೊಂಡ ಆ ಹೆಸರಿನಲ್ಲಿ ಕರಾರಿನ ನೆನಪಾದರೂ ಉಳಿದಿತ್ತು. ಯಜಮಾನರು ಇಟ್ಟ ಕೂಲಿ ಎಂಬ ಹೆಸರಿನಲ್ಲಿ ಯಾವ ಬಾಧ್ಯತೆಯೂ ಉಳಿಯಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇದು. ನಟಾಲ್‌ನಲ್ಲಿ ಮೊದಲ ವರ್ಷದ ಸಂಬಳ ತಿಂಗಳಿಗೆ 10 ಶಿಲಿಂಗ್, ವರ್ಷಕ್ಕೊಂದು ಶಿಲಿಂಗ್ ಏರಿಕೆ. ಮಾರಿಷಸ್‌ನಲ್ಲಿ ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಎರಡು ದಿನದ ಕೂಲಿ ಮುರಿದುಕೊಳ್ಳುವ ಪದ್ಧತಿ ಇತ್ತು. ಜ್ವರ ಬಂದು ವಾರಗಟ್ಟಲೆ ಮಲಗಿದವನು ತಿಂಗಳ ಕೊನೆಗೆ ಧಣಿಗೇ ಸಾಲಗಾರ! ನಟಾಲ್ ಸರ್ಕಾರವಂತೂ ಕರಾರು ಮುಗಿಸಿ ಅಲ್ಲೇ ಉಳಿದವರ ಮೇಲೆ ವರ್ಷಕ್ಕೆ 3 ಪೌಂಡ್, ಅಂದರೆ 60 ಶಿಲಿಂಗ್, ತೆರಿಗೆ ಹೇರುವ ಕಾನೂನನ್ನು 1895ರಲ್ಲಿ ಮಾಡಿತು. ನಾಲ್ಕೈದು ತಿಂಗಳ ದುಡಿಮೆ ಅದರಲ್ಲೇ ಹೋಗಬೇಕು. 1913ರಲ್ಲಿ ಕಲ್ಲಿದ್ದಲ ಗಣಿಗಳ, ಕಬ್ಬಿನ ತೋಟಗಳ ಜನ ಮುಷ್ಕರ ಹೂಡಿದ ಮೇಲೆ, 1914ರಲ್ಲಿ ಆ ತೆರಿಗೆ ತೊಲಗಿತು. ಕೂಲಿ ಎಂದು ಕರೆಸಿಕೊಂಡವರಿಗೆ ನಿಜವಾಗಿ ಸಿಗದೆ ಹೋದದ್ದು ಕೂಲಿಯೇ. ಕೊಡಬೇಕಾದ ಹಣದ ಹೆಸರು ಆ ಹಣದಿಂದ ಕಳಚಿ, ಅದನ್ನು ಕೇಳುವ ಮನುಷ್ಯನ ಮೈಗೆ ಅಂಟಿಕೊಂಡಿತು.

ಮೈಗೆ ಅಂಟಿದ ಮೇಲೆ ಅವನು ಏನು ಕೆಲಸ ಮಾಡುತ್ತಾನೆ ಎಂಬುದನ್ನು ಯಾರೂ ಕೇಳಲಿಲ್ಲ. ನಟಾಲ್ ಪಕ್ಕದ ಟ್ರಾನ್ಸ್‌ವಾಲ್‌ನ 1885ರ 3ನೇ ಕಾನೂನು ಏಷ್ಯಾದವರನ್ನು ಪಟ್ಟಿ ಮಾಡುವಾಗ ಈ ಪದವನ್ನು ಜನಾಂಗದ ಹೆಸರಾಗಿಯೇ ಬಳಸಿತು. 1893ರಲ್ಲಿ ಕೋಟು ಪೇಟ ತೊಟ್ಟು ಡರ್ಬನ್ನಿಗೆ ಇಳಿದ ಗಾಂಧಿ ಬಿಳಿಯರ ಬಾಯಲ್ಲಿ ಕೂಲಿ ಬ್ಯಾರಿಸ್ಟರ್ ಆದರು. ಲಂಡನ್ನಿನಲ್ಲಿ ಕಾನೂನು ಓದಿ ಬಂದವರನ್ನು ಈ ಮಾತಿನಿಂದ ಕರೆದಾಗ ಅದರಲ್ಲಿ ಉಳಿದಿದ್ದ ಅರ್ಥ ಚರ್ಮದ ಬಣ್ಣ ಒಂದೇ. ಅದಕ್ಕಿಂತ ನೋವಿನ ಸಂಗತಿಯೊಂದನ್ನು ಗಾಂಧಿಯೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗುಜರಾತಿನ ಮುಸ್ಲಿಂ ವ್ಯಾಪಾರಿಗಳು ತಮ್ಮನ್ನು ಅರಬರೆಂದು ಕರೆದುಕೊಂಡರು, ಪಾರ್ಸಿ ಗುಮಾಸ್ತರು ಪರ್ಷಿಯನ್ನರಾದರು. ಬಚಾವಾಗಲು ದಾರಿ ಇದ್ದವರು ಹೀಗೆ ಪದದಿಂದ ಹೊರಗೆ ನಡೆದರು. ಒಳಗೆ ಉಳಿದವರು ಕಬ್ಬು ಕಡಿಯುವವರು. ಆ ಅಜ್ಜಿಯ ಹಿರಿಯರು ಹಾಗೆ ಉಳಿದವರು. ಇಂದಿಗೂ ದಕ್ಷಿಣ ಆಫ್ರಿಕಾದಲ್ಲಿ ಒಬ್ಬರನ್ನು ಈ ಮಾತಿನಿಂದ ಹೀಯಾಳಿಸಿದರೆ ಅದು ನ್ಯಾಯಾಲಯದ ಮೆಟ್ಟಿಲೇರಬಹುದಾದ ಅಪರಾಧ.

ಹಾಗಾದರೆ ನಮ್ಮ ಮಾತು ಸ್ವಚ್ಛವಾಗಿತ್ತು, ಪರದೇಶದಲ್ಲಿ ಕೆಟ್ಟಿತು ಎಂದು ಹೇಳಿಬಿಡಬಹುದೇ? ನನಗೆ ಧೈರ್ಯ ಸಾಲದು. ಅಜ್ಜನ ಚೆಕ್‌ರೋಲ್ ಪುಸ್ತಕ, ಅಂದರೆ ಆಳುಗಳ ಹಾಜರಿ ಮತ್ತು ಕೂಲಿಯ ಲೆಕ್ಕ, ನಮ್ಮ ಅಟ್ಟದಲ್ಲಿದೆ. ರಟ್ಟಿನ ಮೇಲೆ ಅಜ್ಜನ ಹೆಸರಿಗೆ 'ಅವರು' ಇದೆ. ಒಳಗೆ ಆಳುಗಳ ಹೆಸರುಗಳು ಬರಿಯ ಏಕವಚನ. ಎಪ್ಪತ್ತು ದಾಟಿದವನೂ ಅಲ್ಲಿ ಬರೀ ಮಂಚ, ಬರೀ ಚೋಮ. ಯಾವ ಜಾತಿಯವರು ಆಳುಗಳ ಲೈನ್ ಮನೆಯಲ್ಲಿದ್ದರು, ಯಾರು ಜಗಲಿ ಹತ್ತುವಂತಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಇನ್ನು ರೈಲ್ವೆ ನಿಲ್ದಾಣದಲ್ಲಿ ಕೆಂಪು ಅಂಗಿ, ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿದ ಹಿರಿಯರನ್ನು ನಾವು ಕೂಗುವುದು ಹೇಗೆ? ಕೂಲಿಕಾರ ಎಂದಲ್ಲ, 'ಏ ಕೂಲಿ' ಎಂದೇ. ಹಡಗಿನಲ್ಲಿ ಹೋದ ಪದ ರೈಲಿನಲ್ಲಿ ಮರಳಿ ಬಂತು, ಬರುವಾಗ ಆ ಸಣ್ಣ ತುಂಡನ್ನು ಕಳೆದುಕೊಂಡು ಬಂತು ಎಂದೇ ನನ್ನ ನಂಬಿಕೆ. 2016ರ ರೈಲ್ವೆ ಬಜೆಟ್ಟಿನಲ್ಲಿ ಅವರ ಹೆಸರನ್ನು 'ಸಹಾಯಕ್' ಎಂದು ಬದಲಿಸುವುದಾಗಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಇರಬಹುದು. ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಹಳೆಯ ಕೂಗು ಇನ್ನೂ ಕೇಳುತ್ತದೆ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಗಯಾನಾದ ರಾಜಕುಮಾರಿ ಸಿಂಗ್ 1970ರ ದಶಕದಲ್ಲಿ 'ನಾನು ಕೂಲಿ' ಎಂದು ಘೋಷಿಸಿ ಪ್ರಬಂಧ ಬರೆದರು. ಮಾರಿಷಸ್‌ನ ಕವಿ ಖಾಲ್ ತೊರಾಬುಲಿ ಈ ಪದದಿಂದಲೇ 'ಕೂಲಿಟ್ಯೂಡ್' ಎಂಬ ಪರಿಕಲ್ಪನೆ ಕಟ್ಟಿದರು. ಲೇಖಕಿ ಗಾಯುತ್ರಾ ಬಹಾದುರ್ 2013ರ ತಮ್ಮ ಪುಸ್ತಕಕ್ಕೆ 'ಕೂಲಿ ವುಮನ್' ಎಂದೇ ಹೆಸರಿಟ್ಟರು. 1903ರಲ್ಲಿ ಗರ್ಭಿಣಿಯಾಗಿ, ಒಬ್ಬಳೇ, ಕಲ್ಕತ್ತದಲ್ಲಿ ಹಡಗು ಹತ್ತಿದ ಅವರ ಮುತ್ತಜ್ಜಿ ಸುಜಾರಿಯಾಳ ಜಾಡು ಹಿಡಿದ ಪುಸ್ತಕ ಅದು. ಪೆಟ್ಟು ತಿಂದವರ ಮೊಮ್ಮಕ್ಕಳಿಗೆ ಆ ಮಾತನ್ನು ಹೀಗೆ ಎತ್ತಿಕೊಳ್ಳುವ ಹಕ್ಕಿದೆ. ಬೇಡವೆಂದು ಮೇಜಿನಿಂದ ಎದ್ದುಹೋಗುವ ಹಕ್ಕೂ ಅಷ್ಟೇ ಇದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆ ಅರ್ಥ ಎಂದು ಅವರಿಗೆ ಪಾಠ ಹೇಳುವ ಹಕ್ಕು ನಮಗಿಲ್ಲ. ಕ್ಷಮೆ ಕೇಳಿ ಬಾ, ನಿಘಂಟು ತೆಗೆದುಕೊಂಡು ಹೋಗಬೇಡ ಎಂದು ಹುಡುಗನಿಗೆ ಹೇಳಿದೆ.

ಅವನು ಹೋಗಿ ಬಂದ. ಕ್ಷಮೆ ಕೇಳಿದ ಮೇಲೆ ಅಜ್ಜಿಯೇ ವಿಚಾರಿಸಿದರಂತೆ, ನಿಮ್ಮಲ್ಲಿ ಅದಕ್ಕೆ ಏನರ್ಥ ಎಂದು. ನಾನು ಕಳಿಸಿದ್ದ ಚೆಕ್‌ರೋಲಿನ ಒಂದು ಪುಟದ ಫೋಟೋ ಅವನ ಮೊಬೈಲಿನಲ್ಲಿತ್ತು. ಎಡಕ್ಕೆ ಹೆಸರು, ನಡುವೆ ಏಳು ದಿನದ ಗುರುತು, ಬಲಗಡೆಯ ಕೊನೆಯ ಅಂಕಣದ ತಲೆಯಲ್ಲಿ 'ಕೂಲಿ', ಕೆಳಗೆ ರೂಪಾಯಿ, ಆಣೆ. ಅಜ್ಜಿ ಆ ಅಂಕಣದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರಂತೆ. ಆಮೇಲೆ ಕೇಳಿದ್ದು ಒಂದೇ ಮಾತು: ಇದನ್ನು ಪೂರ್ತಿ ಕೊಡುತ್ತಿದ್ದರಾ?

ಅವನು ನನ್ನನ್ನು ಕೇಳಿದ. ನಾನು ಅಟ್ಟ ಹತ್ತಿ ಪುಸ್ತಕವನ್ನು ಮತ್ತೆ ತೆಗೆದೆ.