ವೃತ್ತ ಮೂಡದ ತಟ್ಟೆಗೂ ಬಹುಮಾನ ಕೊಡಿ

ನನ್ನ ಆಪಾ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಅವಳ ಪ್ರಾಜೆಕ್ಟ್ ನಡೆಯುತ್ತಿದ್ದಾಗ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆಲ್ಲ ಲ್ಯಾಂಥನಮ್‌ನದೇ ಮಾತು. "ಅದರಿಂದ ಹೊಸ ಔಷಧಿ ಬರುತ್ತಾ?" ಎಂದು ಅಮ್ಮಿ ಕೇಳುತ್ತಿದ್ದರು. ಔಷಧಿ ಬರಲಿಲ್ಲ. ಬಂದದ್ದನ್ನು ಹೇಳುವ ಮೊದಲು ಅವಳು ಮಾಡಿದ ಕೆಲಸ ಹೇಳಬೇಕು.

ದ್ವಿತೀಯ ಪಿಯುಸಿಯಲ್ಲಿ ಲ್ಯಾಂಥನಾಯ್ಡ್‌ಗಳಿಗೆ ಸಿಗುವುದು ಕೆಲವೇ ಪುಟ. ಲ್ಯಾಂಥನಾಯ್ಡ್ ಕುಗ್ಗುವಿಕೆ ಬರೆದರೆ ಅಂಕ ಬಂತು, ಅಲ್ಲಿಗೆ ಮುಗಿಯಿತು. ಆಪಾ ಆ ಸಾಲಿನ ಮೊದಲ ಲೋಹವನ್ನು ಅತಿ ಸಣ್ಣ ಅಮೈನೊ ಆಮ್ಲವಾದ ಗ್ಲೈಸಿನ್ ಜೊತೆ ಸೇರಿಸಿ ಸಂಕೀರ್ಣ ತಯಾರಿಸಿದಳು. ಗ್ಲೈಸಿನ್‌ನ ಕಾರ್ಬಾಕ್ಸಿಲ್ ಆಮ್ಲಜನಕ ಲೋಹವನ್ನು ಹಿಡಿಯುತ್ತದೆ. ಕೇಳಲು ಸುಲಭ. ಆದರೆ ಕ್ಷಾರ ಸ್ವಲ್ಪ ಹೆಚ್ಚಾದರೂ ತಳಕ್ಕೆ ಇಳಿಯುವುದು ಬರೀ ಲ್ಯಾಂಥನಮ್ ಹೈಡ್ರಾಕ್ಸೈಡ್. ಅದೂ ಬಿಳಿ ಪುಡಿ, ಇದೂ ಬಿಳಿ ಪುಡಿ! ಎರಡು ಸಲ ಮೋಸಹೋದಳು. ಇನ್‌ಫ್ರಾರೆಡ್ ರೋಹಿತ ತೆಗೆಸಿದ ಮೇಲೆಯೇ ಧೈರ್ಯ ಬಂದದ್ದು.

ಆಮೇಲೆ ಪರೀಕ್ಷೆ. ತಟ್ಟೆಯಲ್ಲಿ ಅಗರ್ ಹಾಕಿ, ಅದರ ಮೇಲೆ ಇ. ಕೋಲಿ ಬ್ಯಾಕ್ಟೀರಿಯಾ ಸವರಿ, 6 ಮಿ.ಮೀ. ಅಗಲದ ಗುಂಡಿಗಳನ್ನು ಕೊರೆದು, ಅವುಗಳಲ್ಲಿ ದ್ರಾವಣ ತುಂಬಿ, 37 ಡಿಗ್ರಿಯಲ್ಲಿ ಒಂದು ದಿನ ಇಡುತ್ತಾರೆ. ಗುಂಡಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಮೂಡಿದರೆ ಅದನ್ನು ಅಳೆಯುತ್ತಾರೆ. ಸಂಕೀರ್ಣದ ಸುತ್ತ 9 ಮಿ.ಮೀ. ವೃತ್ತ ಮೂಡಿತು. ಪಕ್ಕದ ಗುಂಡಿಯಲ್ಲಿದ್ದ ಬರೀ ಲ್ಯಾಂಥನಮ್ ಕ್ಲೋರೈಡ್ ಸುತ್ತಲೂ 9 ಮಿ.ಮೀ. ಗ್ಲೈಸಿನ್ ಸುತ್ತ ಏನೂ ಇಲ್ಲ. ಅಂದರೆ ತಿಂಗಳುಗಟ್ಟಲೆ ಕಷ್ಟಪಟ್ಟು ಮಾಡಿದ್ದಕ್ಕೂ ಬಾಟಲಿಯಿಂದ ನೇರವಾಗಿ ತೆಗೆದ ಲವಣಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

"ಲವಣದ ಸಾಲನ್ನು ಕೋಷ್ಟಕದಿಂದ ತೆಗೆದುಬಿಡು, ಯಾರಿಗೆ ಗೊತ್ತಾಗುತ್ತೆ?" ಎಂದು ಜೊತೆಯವಳೊಬ್ಬಳು ಹೇಳಿದಳಂತೆ. ತೆಗೆದರೆ ಉಳಿಯುವುದು ಎಷ್ಟು ಚಂದದ ವಾಕ್ಯ: ಸಂಕೀರ್ಣಕ್ಕೆ ಬ್ಯಾಕ್ಟೀರಿಯಾ ನಿರೋಧಕ ಗುಣವಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಓದಿದವರು ಮಾತ್ರ ಮೋಸಹೋಗುತ್ತಾರೆ. ಆಪಾ ತೆಗೆಯಲಿಲ್ಲ.

ಆ ಸಾಲು ಉಳಿದದ್ದರಿಂದಲೇ ಒಳ್ಳೆಯ ಪ್ರಶ್ನೆಗಳು ಹುಟ್ಟಿದವು. ನೀರಿನಲ್ಲಿ ಗ್ಲೈಸಿನ್‌ನ ಹಿಡಿತ ಸಡಿಲ. ಹಾಗಾದರೆ ಅಗರ್‌ಗೆ ಇಳಿದ ಮೇಲೆ ಸಂಕೀರ್ಣ ಸಂಕೀರ್ಣವಾಗಿಯೇ ಇತ್ತೇ? ಲ್ಯಾಂಥನಮ್‌ಗೆ ಫಾಸ್ಫೇಟ್ ಸಿಕ್ಕರೆ ಬಿಡುವುದಿಲ್ಲ. ಮೂತ್ರಪಿಂಡದ ರೋಗಿಗಳಿಗೆ ಲ್ಯಾಂಥನಮ್ ಕಾರ್ಬೊನೇಟ್ ಮಾತ್ರೆ ಕೊಡುವುದೇ ಊಟದಲ್ಲಿನ ಫಾಸ್ಫೇಟ್ ರಕ್ತಕ್ಕೆ ಸೇರದಂತೆ ಹಿಡಿದಿಡಲು. ಹಾಗಾದರೆ ಆ ಬ್ಯಾಕ್ಟೀರಿಯಾ ಸತ್ತದ್ದು ವಿಷದಿಂದಲೋ, ಫಾಸ್ಫೇಟ್ ಸಿಗದೆ ಹಸಿವಿನಿಂದಲೋ? ವೃತ್ತದ ಅಳತೆಯನ್ನೂ ಪೂರ್ತಿ ನಂಬುವಂತಿಲ್ಲ. ಅಗರ್‌ನಲ್ಲಿ ಬೇಗ ಹರಡುವ ವಸ್ತು ದೊಡ್ಡ ವೃತ್ತ ಕೊಡುತ್ತದೆ, ಹೆಚ್ಚು ಶಕ್ತಿಯುಳ್ಳದ್ದೇ ಆಗಬೇಕೆಂದಿಲ್ಲ. ಇನ್ನು "6 ಮಿ.ಮೀ. ವೃತ್ತ" ಎಂದು ಯಾರಾದರೂ ಬರೆದಿದ್ದರೆ ಅವರು ಅಳೆದದ್ದು ಗುಂಡಿಯನ್ನೇ!

ಈಗ ನಮ್ಮ ವಿಷಯಕ್ಕೆ ಬರೋಣ. ಸಾಲ್ಟ್ ಅನಾಲಿಸಿಸ್‌ನಲ್ಲಿ ನಾವು ಮಾಡುವುದೇನು? ಯಾವ ಲವಣ ಎಂದು ಪಕ್ಕದವರಿಂದ ಮೊದಲೇ ತಿಳಿದುಕೊಂಡು, ಬಾರದ ಬಣ್ಣವನ್ನೂ ಬಂತು ಎಂದು ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಕೋಷ್ಟಕದಿಂದ ಸಾಲು ಅಳಿಸುವ ಅಭ್ಯಾಸ ಎಂ.ಎಸ್ಸಿ.ಯಲ್ಲಿ ಶುರುವಾಗುವುದಲ್ಲ, ಇಲ್ಲೇ ಶುರುವಾಗುತ್ತದೆ. ಅದಕ್ಕೆ ನಮ್ಮನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಪುಸ್ತಕದ ಉತ್ತರಕ್ಕೆ ಅಂಕ, ಕಂಡದ್ದನ್ನು ಬರೆದರೆ ಕೆಂಪು ಗೆರೆ ಎಂದಾದರೆ ಯಾರಾದರೂ ಏನು ಮಾಡುತ್ತಾರೆ?

ವಿಜ್ಞಾನ ಸಂಘದವರಲ್ಲಿ ಮತ್ತು ನಮ್ಮ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಈ ಸಲದ ಪ್ರದರ್ಶನದಲ್ಲಿ ತೀರ್ಪುಗಾರರು ಪ್ರತಿ ಮಾದರಿಯ ಮುಂದೆ ನಿಂತು ಮೊದಲು ಕೇಳಲಿ: "ಏನನ್ನೂ ಸೇರಿಸದೆ ಮಾಡಿ ನೋಡಿದಿರಾ? ಏನಾಯಿತು?" ಅಂದುಕೊಂಡದ್ದು ಆಗಲಿಲ್ಲ ಎಂದು ಲೆಕ್ಕಸಮೇತ ತೋರಿಸಿದವರಿಗೂ ಒಂದು ಬಹುಮಾನ ಇರಲಿ. ಬ್ಯಾಕ್ಟೀರಿಯಾ ಬೆಳೆಸುವ ಪ್ರಯೋಗವನ್ನು ಮಾತ್ರ ಯಾರೂ ಮನೆಯಲ್ಲಿ ಮಾಡಬೇಡಿ. ಬೆಳೆಸಿದ್ದನ್ನು ಪೂರ್ತಿ ಕೊಲ್ಲಲು ಆಟೋಕ್ಲೇವ್ ಬೇಕು, ಅಮ್ಮಿಯ ಕುಕ್ಕರ್ ಅಲ್ಲ.

ಪ್ರದರ್ಶನಕ್ಕೆ ತರಲು ಆಪಾಳ ಕೋಷ್ಟಕದ ಪ್ರತಿ ಕೇಳಿದ್ದೇನೆ. ಕೊಡುತ್ತಾಳಂತೆ, ಲವಣದ ಸಾಲಿನ ಕೆಳಗೆ ಹಸಿರು ಗೆರೆ ಎಳೆದು.