ನೆರಳಿನಿಂದ ಕಲಿಯಬೇಕಾದ ಪಾಠ

ಭಾಷಾಪಂಡಿತನಾದವನು ಭೂಗೋಳಶಾಸ್ತ್ರದ ಮಾತೆತ್ತುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಅಕ್ಷಾಂಶ ರೇಖಾಂಶಗಳ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಮಾಡುವ ತಪ್ಪು ಬಹುಮಟ್ಟಿಗೆ ಶಬ್ದಾರ್ಥವನ್ನರಿಯದ ತಪ್ಪಾದುದರಿಂದ ಅದರಲ್ಲಿ ನನಗೂ ಹೊಣೆಯುಂಟು. ಅಡ್ಡಗೆರೆ ಅಕ್ಷಾಂಶ, ಉದ್ದಗೆರೆ ರೇಖಾಂಶ ಎಂದು ತಡವರಿಸದೆ ಒಪ್ಪಿಸುವ ಬಾಲಕನು, “ನಮ್ಮ ಚೌಳಹಿರಿಯೂರು ಎಷ್ಟನೆಯ ಅಕ್ಷಾಂಶದಲ್ಲಿದೆಯಪ್ಪಾ?” ಎಂದು ಕೇಳಿದೊಡನೆ ತಬ್ಬಿಬ್ಬಾಗುತ್ತಾನೆ. ಗೆರೆ ನಾಲಗೆಗೆ ಬಂದಿದೆ, ಬುದ್ಧಿಗೆ ಬಂದಿಲ್ಲ.

ಅಕ್ಷವೆಂದರೆ ಬಂಡಿಯ ಅಚ್ಚು. ಅಚ್ಚೆಂಬುದು ಅದರ ತದ್ಭವವೇ. ಭೂಮಿಯು ಯಾವ ಅಚ್ಚಿನ ಮೇಲೆ ತಿರುಗುತ್ತದೆಯೋ ಅದರ ಉತ್ತರದ ತುದಿಯ ನೇರಕ್ಕೆ ಧ್ರುವನಕ್ಷತ್ರವಿದೆ. ಅದು ದಿಗಂತದಿಂದ ಎಷ್ಟು ಅಂಶ ಮೇಲೆ ಕಾಣುವುದೋ ಸುಮಾರಾಗಿ ಅಷ್ಟೇ ಆ ಊರಿನ ಅಕ್ಷಾಂಶ. ಕಡೂರಿನ ಸೀಮೆಯಲ್ಲಿ ಅದು ಸುಮಾರು ಹದಿಮೂರೂವರೆ. ಇದನ್ನು ಹಗಲಿನಲ್ಲಿಯೂ ಅರಿಯಲು ನಮ್ಮ ಪೂರ್ವಿಕರಲ್ಲಿ ಸುಲಭೋಪಾಯವಿದ್ದಿತು. ವಿಷುವದ್ದಿನದ ಮಧ್ಯಾಹ್ನ ಹನ್ನೆರಡಂಗುಲದ ಶಂಕುವೊಂದನ್ನು ನೆಟ್ಟು ಅದರ ನೆರಳನ್ನು ಅಳೆಯುತ್ತಿದ್ದರು. ಅದಕ್ಕೆ ಪಲಭೆಯೆಂದು ಹೆಸರು. ಸಮಭಾಜಕ ವೃತ್ತದ ಮೇಲೆ ಆ ನೆರಳು ಶೂನ್ಯ. ನಮ್ಮ ಸೀಮೆಯಲ್ಲಿ ಮೂರಂಗುಲಕ್ಕೆ ತುಸು ಕಡಿಮೆ. ಮಾಲವದ ಉಜ್ಜಯಿನಿಯಲ್ಲಿ ಐದಂಗುಲಕ್ಕೆ ತುಸು ಹೆಚ್ಚು.

ರೇಖಾಂಶದ ಕಥೆ ಇನ್ನೂ ಸ್ವಾರಸ್ಯವಾದುದು. ಲಂಕೆಯಿಂದ ಉಜ್ಜಯಿನಿ, ಕುರುಕ್ಷೇತ್ರಗಳ ಮೇಲೆ ಮೇರುವಿಗೆ ಸಾಗುವ ಗೆರೆಯೇ ಭೂಮಿಯ ಮಧ್ಯರೇಖೆಯೆಂದು 12ನೆಯ ಶತಮಾನದಲ್ಲಿ ಭಾಸ್ಕರಾಚಾರ್ಯರು ನಿರೂಪಿಸಿದರು. ಅದರಿಂದ ಪೂರ್ವಪಶ್ಚಿಮಗಳಿಗಿರುವ ಅಂತರವೇ ದೇಶಾಂತರ. ಗ್ರೀನಿಚ್ಚಿನ ಗೆರೆಯನ್ನು ಮೊದಲನೆಯದೆಂದು ಅಂಗೀಕರಿಸಿದುದು 1884ರ ವಾಷಿಂಗ್ಟನ್ ಸಮ್ಮೇಳನದಲ್ಲಿ. ಅಕ್ಷಾಂಶದ ಸೊನ್ನೆಯನ್ನು ಭೂಮಿಯ ತಿರುಗುವಿಕೆಯೇ ನಿಶ್ಚಯಿಸಿದೆ. ರೇಖಾಂಶದ ಸೊನ್ನೆ ಮನುಷ್ಯರು ಕೂಡಿ ಮಾಡಿಕೊಂಡ ಒಪ್ಪಂದ. ಈ ಭೇದವನ್ನು ತಿಳಿದವನು ಎರಡನ್ನೂ ಮತ್ತೆಂದೂ ಅದಲುಬದಲು ಮಾಡಲಾರನು. ಉಜ್ಜಯಿನಿಯ ರೇಖಾಂಶ ಎಪ್ಪತ್ತೈದು ಮುಕ್ಕಾಲಕ್ಕೆ ಸಮೀಪ. ನಮ್ಮ ತರೀಕೆರೆ, ಚಿಕ್ಕಮಗಳೂರುಗಳೂ ಹೆಚ್ಚುಕಡಮೆ ಅದೇ ಗೆರೆಯ ಮೇಲಿವೆ! ಪ್ರಾಚೀನರ ಮಧ್ಯರೇಖೆ ನಮ್ಮ ಹಿತ್ತಿಲಲ್ಲಿಯೇ ಹಾದುಹೋಗಿದೆ. ಇದನ್ನು ನಮ್ಮ ಮಕ್ಕಳಿಗೆ ಹೇಳುವವರು ಯಾರು?

ಭಾರತದ ಗಡಿಯಾರಗಳು ನಡೆಯುವುದು ಎಂಬತ್ತೆರಡೂವರೆಯ ರೇಖಾಂಶವನ್ನನುಸರಿಸಿ. ಕಡೂರು ಎಪ್ಪತ್ತಾರರಲ್ಲಿದೆ. ಅಂಶವೊಂದಕ್ಕೆ ನಾಲ್ಕು ನಿಮಿಷದಂತೆ ನಮ್ಮ ಮಧ್ಯಾಹ್ನವು ಸರಾಸರಿ ಇಪ್ಪತ್ತಾರು ನಿಮಿಷ ತಡ. ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ನೆರಳು ಇನ್ನೂ ಕುಗ್ಗುತ್ತಿರುವುದನ್ನು ಕಂಡ ಬಾಲಕನಿಗೆ ರೇಖಾಂಶವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಪರೀಕ್ಷೆಯ ಪಾಠಗಳೇ ಮುಗಿಯದಿರುವಾಗ ಇದಕ್ಕೆಲ್ಲ ಹೊತ್ತೆಲ್ಲಿ ಎಂದು ಉಪಾಧ್ಯಾಯ ಮಿತ್ರರು ಕೇಳುವುದು ಸಹಜ. ಹತ್ತು ದಿನ ಉರುಹೊಡೆಸಿ ಹನ್ನೊಂದನೆಯ ದಿನ ಮರೆಯಿಸುವುದಕ್ಕಿಂತ ಒಂದು ಮಧ್ಯಾಹ್ನ ಅಂಗಳದಲ್ಲಿ ನಿಲ್ಲುವುದು ಮಿತವ್ಯಯವಲ್ಲವೆ? ಗೋಳವನ್ನು ಒಡೆದೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕುವ ಪದ್ಧತಿಯನ್ನು ಅನೇಕ ಕಡೆ ಕಂಡಿದ್ದೇನೆ. ಮಕ್ಕಳ ಕೈಯಲ್ಲಿ ಸವೆದ ಗೋಳವೇ ಸಾರ್ಥಕವಾದ ಗೋಳ.

ಆದುದರಿಂದ ದಾನಿಗಳಲ್ಲಿ ನನ್ನ ವಿಜ್ಞಾಪನೆ ಅಲ್ಪವಾದುದು: ತರಗತಿಗೊಂದು ಗೋಳವನ್ನು ಕೊಡಿಸಿರಿ. ಶಂಕುವಿಗೆ ಒಂದು ನೆಟ್ಟನೆಯ ಕೋಲು ಸಾಕು. ದೂರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಮಾರ್ಚ್ 21ರ ನಡುಹಗಲಿನಲ್ಲಿ ತಮ್ಮೂರಿನ ನೆರಳನ್ನಳೆದು, ಅದು ಅತ್ಯಂತ ಗಿಡ್ಡವಾದ ಹೊತ್ತನ್ನು ನಮ್ಮ ಗಡಿಯಾರದ ಲೆಕ್ಕದಲ್ಲಿ ಗುರುತಿಸಿ, ಶಾಲೆಗೆ ಒಂದು ಪತ್ರ ಬರೆಯಲಿ. ಆ ನೆರಳಿನಿಂದ ಅಕ್ಷಾಂಶವನ್ನೂ ಆ ಹೊತ್ತಿನಿಂದ ರೇಖಾಂಶವನ್ನೂ ಕಂಡುಹಿಡಿದು, ತಮ್ಮ ಅಣ್ಣಂದಿರೂ ಅಕ್ಕಂದಿರೂ ಎಲ್ಲಿದ್ದಾರೆಂಬುದನ್ನು ನಮ್ಮ ಮಕ್ಕಳು ಗೋಳದ ಮೇಲೆ ತಾವೇ ಬೆರಳಿಟ್ಟು ತೋರಿಸಲಿ. ವಿದ್ಯಾದಾಸೋಹಕ್ಕೆ ಅದಕ್ಕಿಂತ ಮಿಗಿಲಾದ ಕಾಣಿಕೆಯನ್ನು ನಾನರಿಯೆ.